ಹಳೇ ಬ್ರೌಸರ್ ಬಿಡೋಕೆ ಯಾಕಿಷ್ಟು ತಡ?

‘ಈ ತಾಣವನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ನೋಡಿದರೆ ಉತ್ತಮ.’ ಅರ್ಜಿ ತುಂಬೋಕೆ ಯಾವುದಾದರೂ ಹಳೇ ತಾಣಕ್ಕೆ ಹೋದಾಗ, ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಈ ಸಾಲನ್ನು ನಮ್ಮಲ್ಲಿ ಬಹಳ ಜನ ನೋಡಿರ್ತೀವಿ. ಯೋಚನೆ ಮಾಡಿದರೆ ಇದು ವಿಚಿತ್ರವಾದ ಮಾತು. ಈ ರಸ್ತೆಯಲ್ಲಿ ಇಂಥ ಕಂಪನಿಯ ಸ್ಕೂಟರ್ ಮಾತ್ರ ಓಡಿಸಬೇಕು ಅಂತ ಬೋರ್ಡ್ ಹಾಕಿದ ಹಾಗೆ!

ಬ್ರೌಸರ್‌ನ ಕೆಲಸ ಏನು? ಸರ್ವರ್‌ನಿಂದ ಬರುವ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಓದಿ ಪರದೆ ಮೇಲೆ ಪುಟವನ್ನು ಮೂಡಿಸೋದು. ಯಾವ ಟ್ಯಾಗ್‌ಗೆ ಏನರ್ಥ ಅನ್ನೋದು ಯಾವುದೋ ಒಂದು ಕಂಪನಿಯ ಇಷ್ಟಕ್ಕೆ ಬಿಟ್ಟಿದ್ದಲ್ಲ. ಅದಕ್ಕೆ ಎಲ್ಲರೂ ಓದಬಹುದಾದ, ಒಪ್ಪಿಕೊಂಡ ನಿಯಮಗಳಿವೆ. ಅವುಗಳನ್ನೇ ಸ್ಟ್ಯಾಂಡರ್ಡ್ಸ್ ಅಂತೀವಿ.

2001ರ ಆಗಸ್ಟ್‌ನಲ್ಲಿ ಬಂದ ಎಕ್ಸ್‌ಪ್ಲೋರರ್ 6 ಆ ಕಾಲಕ್ಕೆ ಕೆಟ್ಟ ಬ್ರೌಸರ್ ಏನಲ್ಲ. ಆದರೆ ಪೈಪೋಟಿಗೆ ಯಾರೂ ಉಳಿದಿರಲಿಲ್ಲ. ಹಾಗಾಗಿ ಮುಂದಿನ ಆವೃತ್ತಿ ಬರೋಕೆ 2006ರ ಅಕ್ಟೋಬರ್ ಆಯ್ತು. ಐದು ವರ್ಷ! ಅಷ್ಟರಲ್ಲಿ ಜಗತ್ತಿನ ತಾಣಗಳೆಲ್ಲ ಅದರ ತಪ್ಪುಗಳಿಗೆ ಹೊಂದಿಕೊಂಡು ಕೂತಿದ್ದವು.

ಒಂದು ಉದಾಹರಣೆ. ಸಿಎಸ್‌ಎಸ್‌ನಲ್ಲಿ ಒಂದು ಬಾಕ್ಸ್‌ಗೆ ಅಗಲ 200 ಪಿಕ್ಸೆಲ್, ಎರಡೂ ಬದಿಗೆ 20 ಪಿಕ್ಸೆಲ್ ಪ್ಯಾಡಿಂಗ್ ಕೊಟ್ಟಿದ್ದೀವಿ ಅಂದುಕೊಳ್ಳಿ. ನಿಯಮದ ಪ್ರಕಾರ ಒಟ್ಟು ಅಗಲ 240. ಎಕ್ಸ್‌ಪ್ಲೋರರ್ 5 ಮಾತ್ರ ಪ್ಯಾಡಿಂಗನ್ನೂ ಒಳಗೇ ಸೇರಿಸಿ 200 ಅಂತಿತ್ತು. 6ರಲ್ಲಿ ಇದು ಸರಿಹೋಯ್ತು, ಆದರೆ ಫೈಲ್‌ನ ತಲೆಯಲ್ಲಿ ಸರಿಯಾದ ಡಾಕ್‌ಟೈಪ್ ಇದ್ದರೆ ಮಾತ್ರ. ತಮಾಷೆ ಅಂದ್ರೆ ಎಕ್ಸ್‌ಪ್ಲೋರರ್‌ನ ಲೆಕ್ಕವೇ ಹೆಚ್ಚು ಸಹಜ ಅಂತ ನಮಗೂ ಅನ್ನಿಸುತ್ತೆ. ಇವತ್ತು ಬಾರ್ಡರ್-ಬಾಕ್ಸ್ ಅಂತ ಬರೆದು ನಾವೆಲ್ಲ ಅದನ್ನೇ ಬಳಸ್ತೀವಿ. ಅಂದರೆ ತೊಂದರೆ ಇದ್ದದ್ದು ಐಡಿಯಾದಲ್ಲಲ್ಲ, ಒಬ್ಬರೇ ಬೇರೆ ಲೆಕ್ಕ ಹಾಕಿದ್ದರಲ್ಲಿ.

ಇದೆಲ್ಲ ವೆಬ್ ಡಿಸೈನ್ ಮಾಡೋರ ತಲೆನೋವು, ನಮಗೇನು ಅಂತೀರಾ? ಕನ್ನಡದ ಕಥೆ ಕೇಳಿ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೂ ಬಹಳ ವರ್ಷ ನಮ್ಮ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ವೇಷದಲ್ಲಿ ಓಡಾಡ್ತಿದ್ದವು. ನುಡಿಯ ಹಳೇ ಫಾಂಟ್‌ನಲ್ಲಿ ‘ಕನ್ನಡ’ ಅಂತ ಟೈಪ್ ಮಾಡಿ ಫಾಂಟ್ ತೆಗೆದುಬಿಟ್ಟರೆ ಕಾಣೋದು ಇಂಗ್ಲಿಷ್‌ನ ಪಿ, ಅದರ ಪಕ್ಕ ತಲೆ ಮೇಲೆ ಗೀಟಿರೋ ಎ, ಆಮೇಲೆ ಬ್ರಿಟಿಷ್ ಪೌಂಡ್‌ನ ಚಿಹ್ನೆ! ಕಂಪ್ಯೂಟರ್‌ಗೆ ಅದು ಕನ್ನಡ ಅಂತ ಗೊತ್ತೇ ಇಲ್ಲ. ಓದುಗರ ಹತ್ತಿರ ಫಾಂಟ್ ಇರಲ್ವಲ್ಲ, ಅದಕ್ಕೆ ಎಕ್ಸ್‌ಪ್ಲೋರರ್‌ನಲ್ಲಿ ಒಂದು ಸೌಲಭ್ಯ ಇತ್ತು. ಪುಟದ ಜೊತೆಗೇ ಫಾಂಟ್ ಇಳಿದು ಬರ್ತಿತ್ತು. ಆಗ ಇದು ದೊಡ್ಡ ಉಪಕಾರವೇ. ಆದರೆ ಆ ಇಒಟಿ ಅನ್ನೋ ಫಾಂಟ್ ಮಾದರಿ ಮೈಕ್ರೋಸಾಫ್ಟ್‌ನ ಸ್ವಂತದ್ದು. ಅದೇ ಪುಟವನ್ನು ಫೈರ್‌ಫಾಕ್ಸ್‌ನಲ್ಲಿ ತೆರೆದರೆ ಬರೀ ಪಿ, ಎ, ಪೌಂಡು. ಹುಡುಕಿದರೆ ಸಿಗಲ್ಲ, ಕಾಪಿ ಮಾಡಿದರೆ ಬರಲ್ಲ. ಆ ಬ್ರೌಸರ್ ಹೋದ ಮೇಲೆ, ಯೂನಿಕೋಡ್‌ಗೆ ಬದಲಾಗದೆ ಉಳಿದ ಪುಟಗಳು ಇದ್ದೂ ಇಲ್ಲದ ಹಾಗೆ.

ಯೂನಿಕೋಡ್‌ಗೆ ಬಂದರೂ ಬ್ರೌಸರ್‌ಗೆ ಕೆಲಸ ಕಮ್ಮಿ ಏನಲ್ಲ. ‘ಶಕ್ತಿ’ ಅನ್ನೋ ಪದ ನೋಡಿ. ಒಳಗೆ ಅದು ಶ, ಕ, ವಿರಾಮ ಚಿಹ್ನೆ, ತ, ಗುಡಿಸು ಅನ್ನೋ ಕ್ರಮದಲ್ಲಿ ಕೂತಿರುತ್ತೆ. ಪರದೆ ಮೇಲೆ ಗುಡಿಸು ಹೋಗಿ ಕ ಮೇಲೆ ಕೂರಬೇಕು, ತ ಕೆಳಗೆ ಒತ್ತಾಗಬೇಕು. ಇದನ್ನು ಶೇಪಿಂಗ್ ಅಂತಾರೆ. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಇತ್ತು, ಆದರೆ ಶೇಪಿಂಗ್ ಬೇಕಂದ್ರೆ ಸೆಟ್ಟಿಂಗ್ಸ್‌ಗೆ ಹೋಗಿ ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಇವತ್ತು ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಹಾರ್ಫ್‌ಬಜ್ ಅನ್ನೋ ಓಪನ್ ಸೋರ್ಸ್ ಲೈಬ್ರರಿ ಈ ಕೆಲಸ ಮಾಡುತ್ತೆ. ಪುಟದ ಜೊತೆ ಫಾಂಟ್ ಕಳಿಸೋಕೂ ವಾಫ್ ಅನ್ನೋ ಎಲ್ಲರ ಮಾದರಿ 2012ರಲ್ಲಿ ಸ್ಟ್ಯಾಂಡರ್ಡ್ ಆಯ್ತು. ನೀವೀಗ ಈ ಲೇಖನ ಓದ್ತಿರೋ ಮೊಬೈಲ್ ಯಾವುದು ಅಂತ ನಾವು ಕೇಳಬೇಕಾಗಿಲ್ಲದಿರೋದು ಇದರಿಂದಲೇ.

ಇನ್ನು ಸುರಕ್ಷತೆ. 2010ರ ಜನವರಿಯಲ್ಲಿ ಗೂಗಲ್ ತನ್ನ ಮೇಲೆ ಸೈಬರ್ ದಾಳಿ ಆಗಿದೆ ಅಂತ ಹೇಳಿತು. ದಾಳಿಕೋರರು ನುಗ್ಗಿದ್ದು ಎಕ್ಸ್‌ಪ್ಲೋರರ್‌ನ ಒಂದು ದೋಷದ ಮೂಲಕ. ಜರ್ಮನಿ, ಫ್ರಾನ್ಸ್ ಸರ್ಕಾರಿ ಸಂಸ್ಥೆಗಳು ಬೇರೆ ಬ್ರೌಸರ್ ಬಳಸಿ ಅಂತ ಜನರಿಗೆ ಹೇಳಿದವು. 2011ರಲ್ಲಿ ಸ್ವತಃ ಮೈಕ್ರೋಸಾಫ್ಟ್ ‘ದಯವಿಟ್ಟು 6 ಬಿಡಿ’ ಅಂತ ಪ್ರಚಾರ ಶುರುಮಾಡಿತು. ಹೆತ್ತವರೇ ಮಗನನ್ನು ಮನೆ ಬಿಡು ಅಂದ ಹಾಗೆ!

ಆದರೂ ಜನ ಯಾಕೆ ಬಿಡಲಿಲ್ಲ? ಸೋಮಾರಿತನ ಅಂತ ಸುಲಭವಾಗಿ ಹೇಳಿಬಿಡಬಹುದು, ಅದು ಪೂರ್ತಿ ನಿಜ ಅಲ್ಲ. ದಕ್ಷಿಣ ಕೊರಿಯಾ ನೋಡಿ. 1990ರ ದಶಕದಲ್ಲಿ ಅಮೆರಿಕ ತನ್ನ ಗಟ್ಟಿ ಎನ್‌ಕ್ರಿಪ್ಷನ್ ಹೊರದೇಶಕ್ಕೆ ಕೊಡ್ತಿರಲಿಲ್ಲ. ಕೊರಿಯಾದವರು ಸೀಡ್ ಅನ್ನೋ ತಮ್ಮದೇ ಸೈಫರ್ ಮಾಡಿಕೊಂಡರು. ಬುದ್ಧಿವಂತ ಕೆಲಸವೇ. ಆದರೆ ಅದನ್ನು ಬ್ರೌಸರ್‌ಗೆ ಸೇರಿಸಿದ್ದು ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ನಡೆಯೋ ಆಕ್ಟಿವ್‌ಎಕ್ಸ್ ಮೂಲಕ. ಬ್ಯಾಂಕು, ಶಾಪಿಂಗು, ಸರ್ಕಾರಿ ಕೆಲಸ ಎಲ್ಲ ಅದಕ್ಕೇ ಅಂಟಿಕೊಂಡವು. ಅಮೆರಿಕದ ನಿರ್ಬಂಧ ಸಡಿಲವಾದ ಮೇಲೂ ಈ ಅಂಟು ಎಷ್ಟೋ ವರ್ಷ ಬಿಡಲಿಲ್ಲ. 2022ರ ಜೂನ್ 15ಕ್ಕೆ ವಿಂಡೋಸ್ 10ರಲ್ಲಿ ಎಕ್ಸ್‌ಪ್ಲೋರರ್‌ನ ಬೆಂಬಲ ಮುಗಿದಾಗ, ಅಲ್ಲಿನ ಒಬ್ಬ ಎಂಜಿನಿಯರ್ ಅದಕ್ಕೊಂದು ಸಮಾಧಿಕಲ್ಲು ಮಾಡಿಸಿ ಕೆಫೆಯೊಂದರಲ್ಲಿ ಇಟ್ಟರು.

ನಮ್ಮಲ್ಲೂ ಅಂಥ ಅಂಟು ಇದೆ. ಡಿಜಿಟಲ್ ಸಹಿಗೆ ಹಳೇ ಪ್ಲಗಿನ್ ಕೇಳೋ ತಾಣ ಇರೋವರೆಗೂ ಆಫೀಸಿನ ಗುಮಾಸ್ತರು ಹಳೇ ಕಂಪ್ಯೂಟರ್ ಬಿಡೋ ಹಾಗಿಲ್ಲ. ಬೈಯಬೇಕಾದ್ದು ಅವರನ್ನಲ್ಲ, ಆ ತಾಣ ಮಾಡಿದವರನ್ನ.

ಹಾಗಂತ ಎಲ್ಲರೂ ಕ್ರೋಮ್‌ಗೆ ಬನ್ನಿ ಅಂತಲೂ ನಾವು ಹೇಳ್ತಿಲ್ಲ. ‘ಕ್ರೋಮ್‌ನಲ್ಲಿ ಮಾತ್ರ ಕೆಲಸ ಮಾಡುತ್ತೆ’ ಅನ್ನೋ ತಾಣಗಳು ಈಗಾಗಲೇ ಶುರುವಾಗಿವೆ, ಅದೂ ಇದೇ ಕಾಯಿಲೆ. ಈ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ವೆಬ್‌ಸೈಟ್ ಮಾಡ್ತಿರೋರು ವೈವಾಗೆ ಮುಂಚೆ ಅದನ್ನು ಫೈರ್‌ಫಾಕ್ಸ್‌ನಲ್ಲೂ ಒಂದು ಸಲ ತೆರೆದು ನೋಡಿ. ಯಾವುದಾದರೂ ಹೊಸ ಸಿಎಸ್‌ಎಸ್ ಪ್ರಾಪರ್ಟಿ ಹಾಕೋ ಮುಂಚೆ ಎಂಡಿಎನ್ ಪುಟದ ಕೊನೆಗೆ ಹೋಗಿ, ಅದು ಯಾವ ಯಾವ ಬ್ರೌಸರ್‌ನಲ್ಲಿ ನಡೆಯುತ್ತೆ ಅನ್ನೋ ಪಟ್ಟಿ ಅಲ್ಲೇ ಇರುತ್ತೆ.