ಬಾರಿಸುವುದು ಸುಲಭ, ನಿಲ್ಲಿಸುವುದು ಕಷ್ಟ

ಜಲತರಂಗ ನೋಡಿದವರಿಗೆ ಗೊತ್ತುಂಟು, ನೀರು ತುಂಬಿದ ಬಟ್ಟಲಿಗೆ ಕಡ್ಡಿ ತಾಗಿದರೆ ಸಾಕು, ನಾದ ಬರುತ್ತದೆ. ಹೀಗೆಯೇ ಲೋಹದ ಪಟ್ಟಿಗಳಿಗೆ ಕೋಲು ತಾಗಿಸಿ ನುಡಿಸುವ ವಾದ್ಯವೊಂದು ಅಮೆರಿಕದ ಜಾಝ್ ಸಂಗೀತದಲ್ಲಿ ಉಂಟು. ಹೆಸರು ವೈಬ್ರಫೋನ್. ಸಾಮಾನ್ಯವಾಗಿ 37 ಅಲ್ಯೂಮಿನಿಯಂ ಪಟ್ಟಿಗಳು. ಹಾರ್ಮೋನಿಯಂನ ಬಿಳಿ, ಕಪ್ಪು ಮನೆಗಳ ಕ್ರಮದಲ್ಲೇ ಎರಡು ಸಾಲು. ಪಟ್ಟಿಗಳ ಕೆಳಗೆ ಕೊಳವೆ, ಕೊಳವೆಯ ಬಾಯಲ್ಲಿ ಮೋಟಾರಿನಿಂದ ತಿರುಗುವ ಬಿಲ್ಲೆ. ಅದು ತಿರುಗಿದಂತೆ ನಾದ ಅಲೆ ಅಲೆಯಾಗಿ ಕೇಳುತ್ತದೆ.

ಜಾಝ್‌ನಲ್ಲಿ ಇದಕ್ಕೆ ಹೆಸರು ತಂದವರು ಲಯೊನೆಲ್ ಹ್ಯಾಂಪ್ಟನ್. ಅವರು ಡ್ರಮ್ ಬಾರಿಸುವವರು. 1930ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆ ಧ್ವನಿಮುದ್ರಣಕ್ಕೆ ಹೋದಾಗ ಸ್ಟುಡಿಯೋದಲ್ಲಿ ಈ ವಾದ್ಯ ಇತ್ತು. ಅದನ್ನು ನುಡಿಸಲಿಕ್ಕೆ ಆಗ್ತದಾ ಅಂತ ಆರ್ಮ್‌ಸ್ಟ್ರಾಂಗ್ ಕೇಳಿದರು. ಹ್ಯಾಂಪ್ಟನ್ ನುಡಿಸಿಯೇಬಿಟ್ಟರು.

ಹಾಗಾದರೆ ಕಲಿಯುವುದು ಅಷ್ಟು ಸುಲಭವಾ? ಸ್ವರ ಹುಟ್ಟಿಸುವುದು ಸುಲಭವೇ. ಕೊಳಲಿನ ಹಾಗೆ ಮೊದಲ ಸ್ವರಕ್ಕಾಗಿ ದಿನಗಟ್ಟಲೆ ಊದಬೇಕಾಗಿಲ್ಲ. ಕಷ್ಟ ಇರುವುದು ಬೇರೆ ಕಡೆ. ಒಮ್ಮೆ ಬಾರಿಸಿದ ಸ್ವರ ಬೇಗ ನಿಲ್ಲುವುದಿಲ್ಲ. ಅದರ ಮೇಲೆ ಇನ್ನೊಂದು, ಮತ್ತೊಂದು ಬಿದ್ದರೆ ಎಲ್ಲಾ ಕಲಸಿಹೋಗಿ ಬರೀ ಗದ್ದಲ.

ನಿಲ್ಲಿಸಲಿಕ್ಕೆ ಕಾಲಿನ ಹತ್ತಿರ ಒಂದು ಪೆಡಲ್ ಉಂಟು. ಒತ್ತಿದರೆ ಎಲ್ಲಾ ಪಟ್ಟಿಗಳೂ ಮೊಳಗುತ್ತವೆ, ಬಿಟ್ಟರೆ ಎಲ್ಲವೂ ಒಟ್ಟಿಗೆ ಮೌನ. ಆದರೆ ಒಂದು ಸ್ವರ ಮಾತ್ರ ನಿಲ್ಲಬೇಕು, ಉಳಿದದ್ದು ಕೇಳುತ್ತಿರಬೇಕು ಅಂದರೆ? ಆಗ ಕೋಲೇ ಗತಿ. ಬಲಗೈ 'ರಿ' ಬಾರಿಸುವ ಅದೇ ಕ್ಷಣಕ್ಕೆ ಎಡಗೈಯ ಕೋಲು 'ಸ'ದ ಪಟ್ಟಿಯನ್ನು ಮೆತ್ತಗೆ ಒತ್ತಿ ಹಿಡಿಯಬೇಕು. ಒಂದು ಕೈ ಮಾತಾಡುವಾಗ ಇನ್ನೊಂದು ಕೈ ಸುಮ್ಮನಿರಿಸಬೇಕು. ಕಲಿಯುವವರು ಬೆವರುವುದು ಇಲ್ಲಿಯೇ.

ಇದನ್ನು ದೊಡ್ಡ ವಿದ್ಯೆಯಾಗಿ ಬೆಳೆಸಿದವರು ಗ್ಯಾರಿ ಬರ್ಟನ್. 1943ರಲ್ಲಿ ಇಂಡಿಯಾನಾದಲ್ಲಿ ಹುಟ್ಟಿದವರು, ಹೆಚ್ಚಾಗಿ ಸ್ವಂತವಾಗಿಯೇ ಕಲಿತವರು. ಜೊತೆಗೆ ನುಡಿಸುವವರು ಯಾರೂ ಇರಲಿಲ್ಲ. ಆದ್ದರಿಂದ ಒಂದೊಂದು ಕೈಯಲ್ಲಿ ಎರಡೆರಡು ಕೋಲು ಹಿಡಿದು, ರಾಗವನ್ನೂ ಅದರ ಸಾಥ್ ಅನ್ನೂ ತಾವೇ ನುಡಿಸತೊಡಗಿದರು. ಮುಂದೆ ಬಾಸ್ಟನ್‌ನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಹಲವು ವರ್ಷ ಕಲಿಸಿದರು. ಅವರು ಕೋಲು ಹಿಡಿಯುವ ಕ್ರಮಕ್ಕೆ ಇವತ್ತು ಅವರದೇ ಹೆಸರು.

ಹಾಗಂತ ನಾಲ್ಕು ಕೋಲು ಬೇಕೇ ಬೇಕು ಅಂತಿಲ್ಲ. ಮಿಲ್ಟ್ ಜಾಕ್ಸನ್ ಎರಡೇ ಕೋಲಿನವರು. ಹ್ಯಾಂಪ್ಟನ್ ಮೋಟಾರನ್ನು ಜೋರಾಗಿ ತಿರುಗಿಸಿದರೆ ಜಾಕ್ಸನ್ ನಿಧಾನ ಮಾಡಿದರು. ನಾದ ಹಾಡುವವರ ಕಂಠದ ಹಾಗೆ ತೂಗಿತು. ಬರ್ಟನ್ ಹೆಚ್ಚಾಗಿ ಮೋಟಾರನ್ನೇ ಬಂದ್ ಮಾಡಿದರು. ವಾದ್ಯ ಒಂದೇ, ದಾರಿ ಮೂರು.

ಹೊಸಬರಿಗೆ ಜಾಕ್ಸನ್ ಅವರ 'ಬ್ಯಾಗ್ಸ್ ಗ್ರೂವ್' ಒಳ್ಳೆಯ ಪಾಠ. ಹನ್ನೆರಡು ಆವರ್ತನದ ಬ್ಲೂಸ್, ಸಣ್ಣ ಧಾಟಿ. ಮೊದಲು ಬಾಯಲ್ಲಿ ಹಾಡಿ ನೋಡಬೇಕು. ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿಯೇ ಕೋಲೂ ನಿಲ್ಲಬೇಕು. ಆಮೇಲೆ ಸಾವಕಾಶ ಬಾರಿಸಿದರಾಯಿತು. ವೇಗ ತಾನಾಗಿಯೇ ಬರುತ್ತದೆ.