ತೊಡೆಮೂಳೆಗೆ ಕಟ್ಟೋ, ರಾಡೋ?

ಪಾವಗಡ ತಾಲ್ಲೂಕಿನ ತಿರುಮಣಿ ಆಂಧ್ರದ ಗಡಿಗೆ ಅಂಟಿಕೊಂಡ ಸೀಮೆ. ಇಂಥ ಕಡೆ ಕೈಕಾಲು ಮುರಿದರೆ ಕೇಳಿಬರುವ ಹೆಸರುಗಳಲ್ಲಿ ‘ಪುತ್ತೂರು ಕಟ್ಟು’ ಒಂದು. ಸೊಪ್ಪಿನ ಲೇಪ, ಮೊಟ್ಟೆಯ ಬಿಳಿ, ಬಿದಿರಿನ ದಬ್ಬೆ ಇಟ್ಟು ಬಿಗಿಯುವ ನಾಟಿ ಕಟ್ಟು ಅದು. ಜರುಗದ ಸಣ್ಣ ಬಿರುಕು ಅಲುಗದಿದ್ದರೆ ಸಾಕು, ತಾನಾಗಿ ಕೂಡಿಕೊಳ್ಳುತ್ತದೆ. ತೊಡೆಮೂಳೆಯ ಲೆಕ್ಕ ಬೇರೆ. ಅದು ದೇಹದಲ್ಲೇ ಅತಿ ಉದ್ದದ ಮೂಳೆ. ಮುರಿದೊಡನೆ ಬಲವಾದ ಸ್ನಾಯುಗಳು ತುಂಡುಗಳನ್ನು ಒಂದರ ಮೇಲೊಂದು ಎಳೆದು ಕಾಲನ್ನು ಗಿಡ್ಡ ಮಾಡುತ್ತವೆ. ಚರ್ಮ ಹರಿಯದಿದ್ದರೂ ಒಳಗೇ ಲೀಟರಿನಷ್ಟು ರಕ್ತ ಸೋರಬಹುದು.

ಈ ಎಳೆತಕ್ಕೆ ಒಳ್ಳೆಯ ಉತ್ತರ ಬಂದದ್ದೂ ಕಟ್ಟು ಕಟ್ಟುವವರ ಮನೆಯಿಂದಲೇ. ಲಿವರ್‌ಪೂಲ್‌ನಲ್ಲಿ ಮೂಳೆ ಕೂರಿಸುತ್ತಿದ್ದ ಇವಾನ್ ಥಾಮಸ್ ತನ್ನ ಐವರು ಗಂಡುಮಕ್ಕಳನ್ನೂ ವೈದ್ಯರಾಗಿಸಿದ. ಅವರಲ್ಲೊಬ್ಬನಾದ ಹ್ಯೂ ಓವೆನ್ ಥಾಮಸ್ ರೂಪಿಸಿದ, ತೊಡೆಸಂದಿಗೆ ಬಳೆಯೂ ಇಕ್ಕೆಲಕ್ಕೆ ಕಂಬಿಯೂ ಇರುವ ಆಸರೆಯನ್ನು ಆತನ ಹೆಂಡತಿಯ ಸೋದರಳಿಯ ರಾಬರ್ಟ್ ಜೋನ್ಸ್ ಮೊದಲ ಮಹಾಯುದ್ಧದ ರಣರಂಗಕ್ಕೆ ಒಯ್ದ. ತೊಡೆ ಮುರಿದ ಸೈನಿಕರ ಸಾವು ಗಣನೀಯವಾಗಿ ಇಳಿಯಿತು.

ಆಮೇಲೂ ದಶಕಗಳ ಕಾಲ ಆಸ್ಪತ್ರೆಗಳಲ್ಲಿ ಮೂಳೆಗೆ ಪಿನ್ ತೂರಿಸಿ, ಹಗ್ಗಕ್ಕೆ ತೂಕ ಕಟ್ಟಿ ಕಾಲನ್ನು ಎಳೆದಿಡುತ್ತಿದ್ದರು. ಮೂಳೆ ಕೂಡುತ್ತಿತ್ತು, ಆದರೆ ತಿಂಗಳುಗಟ್ಟಲೆ ಮಲಗಿದವರಿಗೆ ಬೆನ್ನುಹುಣ್ಣು, ಕಾಲಲ್ಲಿ ರಕ್ತದ ಹೆಪ್ಪು, ಮಡಿಸಲಾಗದ ಮಂಡಿ. 1939ರಲ್ಲಿ ಜರ್ಮನಿಯ ಕೀಲ್ ನಗರದ ಗೆರ್ಹಾರ್ಡ್ ಕುಂಚರ್ ಮಜ್ಜೆಯ ಕೊಳವೆಯೊಳಗೇ ಉಕ್ಕಿನ ರಾಡ್ ಇಳಿಸಿದ. 1970ರ ದಶಕದಲ್ಲಿ ರಾಡಿನ ಎರಡೂ ತುದಿಗೆ ಸ್ಕ್ರೂ ಬಂತು. ಮೂಳೆ ತಿರುಚುವುದೂ ಕುಗ್ಗುವುದೂ ನಿಂತಿತು. ಇಂದು ಈ ವಿಧಾನದಲ್ಲಿ ಶೇ 90ಕ್ಕೂ ಹೆಚ್ಚು ಮುರಿತಗಳು ಕೂಡುತ್ತವೆ. ಬಹುತೇಕರು ಕೆಲವೇ ದಿನಗಳಲ್ಲಿ ವಾಕರ್ ಹಿಡಿದು ಏಳುತ್ತಾರೆ. ಸೋಂಕು, ಅರಿವಳಿಕೆಯ ಅಪಾಯ, ಕೆಲವರಿಗೆ ಮರುಶಸ್ತ್ರಚಿಕಿತ್ಸೆ ಇದಕ್ಕೆ ತೆರಬೇಕಾದ ಬೆಲೆ.

ಹಾಗೆಂದು ಎಲ್ಲರಿಗೂ ರಾಡ್ ಬೇಕಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಸೊಂಟದಿಂದ ಕಾಲಿನವರೆಗೆ ಹಾಕುವ ಪ್ಲಾಸ್ಟರ್ ಸಾಕು. ಅಲ್ಪಸ್ವಲ್ಪ ಓರೆಯನ್ನು ಬೆಳೆಯುವ ಮೂಳೆಯೇ ತಿದ್ದಿಕೊಳ್ಳುತ್ತದೆ. ಶಾಲೆಗೆ ಹೋಗುವ ವಯಸ್ಸಿನವರಿಗೆ ಬಾಗುವ ತೆಳು ರಾಡುಗಳಿವೆ. ಸೊಂಟದ ಬಳಿ ಮುರಿದುಕೊಂಡ ವೃದ್ಧರಿಗೆ ಮಾತ್ರ ತಡ ಸಲ್ಲದು: ಸಾಧ್ಯವಾದರೆ ಎರಡು ದಿನದೊಳಗೆ ಆಪರೇಷನ್ ಆಗಬೇಕು.

ದೊಡ್ಡ ಆಸ್ಪತ್ರೆ ದೂರವಿರುವ ಹಳ್ಳಿಗಳಲ್ಲಿ ಮೊದಲ ಗಂಟೆಯೇ ನಿರ್ಣಾಯಕ. ತೊಡೆಯನ್ನು ತಿಕ್ಕಬೇಡಿ, ತಿರುಚಬೇಡಿ. ಎರಡು ಕಾಲಿನ ನಡುವೆ ಬಟ್ಟೆಯಿಟ್ಟು, ಪಕ್ಕಕ್ಕೆ ಹಲಗೆ ಕೊಟ್ಟು ಒಟ್ಟಿಗೆ ಕಟ್ಟಿ. 108ಕ್ಕೆ ಕರೆ ಮಾಡಿ. ಹದವಾಗಿ ಬಿಗಿಯುವುದು ನಾಟಿ ವೈದ್ಯರಿಗೆ ಕರಗತ. ಅವರಿಗೆ ಆರೋಗ್ಯ ಇಲಾಖೆ ಈ ಪ್ರಥಮ ಚಿಕಿತ್ಸೆಯ ತರಬೇತಿ ಕೊಟ್ಟು, ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಕಳಿಸುವ ಹೊಣೆಯನ್ನೂ ಒಪ್ಪಿಸಿದರೆ ಎಷ್ಟೋ ಕಾಲು, ಎಷ್ಟೋ ಜೀವ ಉಳಿದಾವು.