ಅಜ್ಜಿಯ ಮಾತ್ರೆ ಡಬ್ಬಿ: ಸ್ಟ್ರಿಪ್ ಬಿಡಿಸೋ ಮುಂಚೆ ಇದನ್ನ ಕೇಳಿ

ಇವತ್ತಿನ ಎಪಿಸೋಡ್ ನನ್ನದೇ ಒಂದು ತಪ್ಪಿನಿಂದ ಶುರುವಾಗುತ್ತೆ.

ನಮ್ಮಜ್ಜಿಗೆ ದಿನಕ್ಕೆ ಆರು ಮಾತ್ರೆ. ಯಾವುದು ಬೆಳಗ್ಗೆ, ಯಾವುದು ರಾತ್ರಿ ಅಂತ ಗೊಂದಲ ಆಗ್ತಿತ್ತು. ಹಾಗಾಗಿ ನಾನೇ ಒಂದು ಪ್ಲಾಸ್ಟಿಕ್ ಡಬ್ಬಿ ತಂದು, ತಿಂಗಳಿಗಾಗುವ ಮಾತ್ರೆಗಳನ್ನೆಲ್ಲ ಸ್ಟ್ರಿಪ್‌ನಿಂದ ಬಿಡಿಸಿ ಹಾಕಿದೆ. ಖಾಲಿ ಸ್ಟ್ರಿಪ್ ಕಸಕ್ಕೆ ಹೋಯ್ತು. ಮೂರು ವಾರ ಆದ್ಮೇಲೆ ಅಜ್ಜಿ ಕೇಳಿದ್ರು, "ಇದೇನೋ, ಡಬ್ಬಿ ತೆಗೆದ್ರೆ ಹುಳಿ ವಾಸನೆ?"

ಆ ವಾಸನೆ ಆಸ್ಪಿರಿನ್‌ದು. ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡೋ ಈ ಮಾತ್ರೆಗೆ ತೇವ ತಾಗಿದ್ರೆ ಅದು ನಿಧಾನವಾಗಿ ಒಡೆದು ಸ್ಯಾಲಿಸಿಲಿಕ್ ಆಮ್ಲ, ಅಸಿಟಿಕ್ ಆಮ್ಲ ಆಗುತ್ತೆ. ವಿನೆಗರ್‌ನಲ್ಲಿ ಇರೋದೂ ಅಸಿಟಿಕ್ ಆಮ್ಲವೇ. ಅಂದ್ರೆ ಔಷಧ ಹಾಳಾಗ್ತಿದೆ ಅಂತ ಅರ್ಥ.

ಆಸ್ಪಿರಿನ್ ವಾಸನೆಯಿಂದಾದರೂ ಸುಳಿವು ಕೊಡುತ್ತೆ. ನೈಟ್ರೋಗ್ಲಿಸರಿನ್ ಅದನ್ನೂ ಕೊಡಲ್ಲ. ಎದೆನೋವು ಬಂದಾಗ ನಾಲಿಗೆ ಕೆಳಗೆ ಇಟ್ಟುಕೊಳ್ಳೋ ಮಾತ್ರೆ ಇದು. ಇದರಲ್ಲಿರೋ ಔಷಧ ತಾನಾಗಿಯೇ ಆವಿಯಾಗುತ್ತೆ, ಜೊತೆಗೆ ಪ್ಲಾಸ್ಟಿಕ್ ಅದನ್ನ ಹೀರಿಕೊಳ್ಳುತ್ತೆ. ಬಾಟಲಿಯೊಳಗೆ ಹತ್ತಿ ಇಟ್ಟರೆ ಅದೂ ಹೀರುತ್ತೆ! ಮಾತ್ರೆ ನೋಡೋಕೆ ಮೊದಲಿನ ಹಾಗೇ ಇರುತ್ತೆ, ಒಳಗೆ ಔಷಧ ಕಮ್ಮಿಯಾಗಿರುತ್ತೆ. ಅದು ಗೊತ್ತಾಗೋದು ಎದೆನೋವು ಬಂದ ದಿನವೇ. ಈ ಮಾತ್ರೆಯನ್ನ ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲೇ ಕೊಡಬೇಕು ಅಂತ ಅಮೆರಿಕದ ಎಫ್‌ಡಿಎ 1970ರ ದಶಕದಲ್ಲೇ ನಿಯಮ ಮಾಡಿದ್ದು ಇದಕ್ಕೇ. ಐಸಿಯುನಲ್ಲಿ ಇದೇ ಔಷಧವನ್ನ ಡ್ರಿಪ್ ಮೂಲಕ ಕೊಡುವಾಗ ಪಿವಿಸಿ ಟ್ಯೂಬ್ ಒಳ್ಳೇ ಪಾಲನ್ನ ಹೀರಿಬಿಡುತ್ತೆ, ಅದಕ್ಕೆ ಬೇರೆ ಪ್ಲಾಸ್ಟಿಕ್‌ನ ಟ್ಯೂಬ್ ಇದೆ.

ನಾನು ಬಿಕಾಂ. ಪ್ಯಾಕಿಂಗ್ ಅಂದ್ರೆ ಲೆಕ್ಕದ ಪುಸ್ತಕದಲ್ಲಿ ಒಂದು ಖರ್ಚಿನ ಸಾಲು ಅಂದ್ಕೊಂಡಿದ್ದೆ. ಆದ್ರೆ ಔಷಧದಲ್ಲಿ ಆ ಖರ್ಚಿಗೆ ಕಾರಣ ಇರುತ್ತೆ. ಪಾರದರ್ಶಕ ಪಿವಿಸಿ ಗುಳ್ಳೆ ಅಗ್ಗ, ಆದ್ರೆ ಸ್ವಲ್ಪ ತೇವ ಒಳಗೆ ಬಿಡುತ್ತೆ. ಎರಡೂ ಕಡೆ ಅಲ್ಯೂಮಿನಿಯಂ ಇರೋ ಸ್ಟ್ರಿಪ್ ದುಬಾರಿ, ತೇವವನ್ನೂ ಬೆಳಕನ್ನೂ ತಡೆಯುತ್ತೆ. ಕಂದು ಬಾಟಲಿ ಇರೋದು ಬೆಳಕಿಗೆ ಕೆಡೋ ಔಷಧಕ್ಕೆ.

ಮುಖ್ಯವಾದ ಮಾತು ಇದು: ಎಕ್ಸ್‌ಪೈರಿ ಡೇಟ್ ನಿರ್ಧಾರ ಆಗೋದು ಮಾತ್ರೆಯನ್ನ ಅದರ ಪ್ಯಾಕ್ ಸಮೇತ ಪರೀಕ್ಷೆ ಮಾಡಿ. ನೀವು ಬಿಡಿಸಿದ ಮೇಲೆ ಆ ತಾರೀಖಿಗೆ ಗ್ಯಾರಂಟಿ ಇಲ್ಲ.

ಹಾಗಂತ ಅಜ್ಜಿಯ ಗೊಂದಲವನ್ನ ಹಾಗೇ ಬಿಡೋಕಾಗುತ್ತಾ? ಈಗ ನಮ್ಮನೇಲಿ ಎರಡು ಬಟ್ಟೆ ಚೀಲ ಇವೆ, ಬೆಳಗ್ಗೆದು ಒಂದು, ರಾತ್ರಿದು ಒಂದು. ಸ್ಟ್ರಿಪ್ ಇಡಿಯಾಗಿ ಒಳಗಿರುತ್ತೆ, ಪ್ರತಿ ಮಾತ್ರೆಯ ಹಿಂದೆ ಮಾರ್ಕರ್‌ನಲ್ಲಿ ವಾರದ ಹೆಸರು ಬರೆದಿದ್ದೀನಿ. ಡಬ್ಬಿನೇ ಬೇಕು ಅನ್ನೋರು ಯಾವ ಮಾತ್ರೆ ಬಿಡಿಸಬಹುದು ಅಂತ ಮೆಡಿಕಲ್ ಶಾಪ್‌ನ ಫಾರ್ಮಸಿಸ್ಟ್ ಹತ್ರ ಕೇಳಿ, ಒಂದು ವಾರಕ್ಕಾಗುವಷ್ಟೇ ಹಾಕಿ. ಅನುಮಾನ ಬಂತು ಅಂತ ಮಾತ್ರೆ ನಿಲ್ಲಿಸಬೇಡಿ, ಹೊಸದು ತನ್ನಿ.

ಇವತ್ತು ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ" ಜೊತೆಗೆ ಇದನ್ನೂ ಕೇಳಿ: "ಮಾತ್ರೆ ಯಾವುದರಲ್ಲಿ ಇಟ್ಟಿದ್ದೀರಾ?" ಮುಂದಿನ ವಾರ ಸಿಗೋಣ.